ಗಾಳಿ ಎದ್ದ ದಿನದ ಕೋವಿ

ಉತ್ತರ ಮಿನ್ನೆಸೋಟದಲ್ಲಿ ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಸರೋವರದ ದಂಡೆಯ ವಸತಿಗಳವರು ಒಂದು ಮಾತು ತೇಲಿಬಿಡುತ್ತಾರೆ: 'ಕ್ಯಾಸ್ಟ್ ಆ್ಯಂಡ್ ಬ್ಲಾಸ್ಟ್'. ಅರ್ಧ ದಿನ ಗಾಳ, ಅರ್ಧ ದಿನ ಕೋವಿ. ಒಂದೇ ಬಾಡಿಗೆ, ಒಂದೇ ಪ್ರಯಾಣ, ಎರಡು ಷಿಕಾರಿ. ಕೇಳಲು ಚೆಂದದ ಲೆಕ್ಕ. ಹಲವು ಶರತ್ಕಾಲಗಳು ನನಗೆ ಕಲಿಸಿದ ಲೆಕ್ಕ ಮಾತ್ರ ಬೇರೆ. ಎರಡನ್ನೂ ಕೂಡಿಸಿದವನಿಗೆ ಎರಡರಷ್ಟು ಸಿಗುವುದಿಲ್ಲ. ಒಂದನ್ನೇ ನೆಚ್ಚಿ ಹೋದವನಿಗೆ ಸಿಗುವುದಕ್ಕಿಂತ ತುಸು ಕಡಿಮೆಯೇ ಸಿಗುತ್ತದೆ. ಆದರೂ ಕೂಡಿಸಬೇಕು ಎನ್ನುತ್ತೇನೆ, ಬುಟ್ಟಿ ತುಂಬುತ್ತದೆಂದಲ್ಲ. ನೀರಿಗೆ ಇಳಿಯಬಾರದ ದಿನ ಇಳಿಯದೆ ಇರಲು ಮನಸ್ಸಿಗೆ ಒಂದು ಗಟ್ಟಿ ನೆಪ ಬೇಕು, ಆ ನೆಪವನ್ನು ಕೋವಿ ಕೊಡುತ್ತದೆ. ಇದು ಕೆಲಸ ಮಾಡಬೇಕಾದರೆ ಒಂದು ಷರತ್ತುಂಟು: ಹಕ್ಕಿ ದಡದ್ದಾಗಿರಬೇಕು, ನೀರಿನದ್ದಾಗಿರಬಾರದು. ಗ್ರೌಸ್ ಆದೀತು, ಬಾತು ಆಗದು. ಜಾಹೀರಾತು ಎರಡನ್ನೂ ಒಂದೇ ಹೆಸರಿನಲ್ಲಿ ಮಾರುತ್ತದೆ. ನನ್ನ ಪ್ರಕಾರ ಅವು ಒಂದಕ್ಕೊಂದು ತದ್ವಿರುದ್ಧ.

ನನ್ನ ಮಾತಿಗೆ ಆಧಾರವಾದ ಜಾಗ ಲೇಕ್ ಆಫ್ ದಿ ವುಡ್ಸ್. ಮಿನ್ನೆಸೋಟ, ಒಂಟಾರಿಯೊ, ಮನಿಟೋಬ ಮೂರೂ ಹಂಚಿಕೊಂಡಿರುವ ಈ ಸರೋವರದಲ್ಲಿ 14,000ಕ್ಕೂ ಹೆಚ್ಚು ದ್ವೀಪಗಳಿವೆ ಎಂದ ಕೂಡಲೇ ಎಲ್ಲೆಲ್ಲೂ ಮರೆಯಿರುವ ಶಾಂತ ನೀರು ಎಂದು ಅನ್ನಿಸಬಹುದು. ಆದರೆ ದ್ವೀಪಗಳೆಲ್ಲ ಹೆಚ್ಚಾಗಿ ಉತ್ತರದಲ್ಲಿ, ಕೆನಡಾದ ಕಡೆಯ ಬಂಡೆಗಾಡಿನಲ್ಲಿವೆ. ಮಿನ್ನೆಸೋಟದಿಂದ ಹೋಗುವವರು ಇಳಿಯುವ ದಕ್ಷಿಣದ ಬಿಗ್ ಟ್ರಾವರ್ಸ್ ಬೇ ಬರೀ ಬಯಲು. ಆಳ ಬಹುತೇಕ ಮೂವತ್ತು ಮೂವತ್ತೈದು ಅಡಿಯೊಳಗೆ. ಗಾಳಿಯನ್ನು ತಡೆಯಲು ಹತ್ತಾರು ಕಿಲೋಮೀಟರ್ ದೂರ ಒಂದು ಕಡ್ಡಿಯೂ ಅಡ್ಡವಿಲ್ಲ. ಆಳವಿಲ್ಲದ ಅಗಲದ ನೀರಿನ ಮೇಲೆ ವಾಯವ್ಯದ ಗಾಳಿ ಬಿದ್ದಾಗ ಅಲೆಗಳು ಕಡಲಿನಂತೆ ಉದ್ದಕ್ಕೆ ಹೊರಳುವುದಿಲ್ಲ. ಗಿಡ್ಡಕ್ಕೆ, ಕಡಿದಾಗಿ, ಒಂದರ ಬೆನ್ನಿಗೆ ಇನ್ನೊಂದು ಬಂದು ಬಡಿಯುತ್ತವೆ. ಹದಿನೇಳು ಅಡಿಯ ದೋಣಿಯ ಮೂತಿ ಒಂದು ಅಲೆಯಿಂದ ಇಳಿಯುವಷ್ಟರಲ್ಲಿ ಮುಂದಿನದಕ್ಕೆ ಗುದ್ದಿರುತ್ತದೆ. ಜುಲೈಯಲ್ಲಿ ಇಂಥ ಅಲೆ ಬರೀ ಕಿರಿಕಿರಿ, ಮೈ ನೆನೆಯುತ್ತದೆ ಅಷ್ಟೆ. ಅಕ್ಟೋಬರ್ ಮಧ್ಯಕ್ಕೆ ನೀರು 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದಿರುತ್ತದೆ, ಆಗ ಅದೇ ಅಲೆಯ ಅರ್ಥವೇ ಬೇರೆ. ಮನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ತಣ್ಣೀರಿನಲ್ಲಿ ಮೈ ಹೇಗೆ ಸೋಲುತ್ತದೆಂದು ದಶಕಗಳ ಕಾಲ ಅಭ್ಯಾಸ ಮಾಡಿ, ಜನರ ನೆನಪಿನಲ್ಲಿ ಉಳಿಯುವಂತೆ 1-10-1 ಎಂಬ ಸೂತ್ರ ಕೊಟ್ಟರು. ಬಿದ್ದವನಿಗೆ ಉಸಿರು ಹತೋಟಿಗೆ ತಂದುಕೊಳ್ಳಲು ಒಂದು ನಿಮಿಷ, ಕೈಕಾಲು ಹೇಳಿದ ಮಾತು ಕೇಳುವುದು ಹತ್ತು ನಿಮಿಷ, ಮೈ ತಣಿದು ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಅಷ್ಟು ಹೊತ್ತು ತೇಲಿಸಿಡಲು ಮೈಮೇಲೆ ಲೈಫ್ ಜಾಕೆಟ್ ಇದ್ದರೆ ಮಾತ್ರ ಆ ಕೊನೆಯ ಒಂದಕ್ಕೆ ಬೆಲೆ. ನಡುವಿನ ಹತ್ತನ್ನು ಓದಿದಾಗಲೆಲ್ಲ ನಾನು ಬೆರಳುಗಳನ್ನು ನೋಡಿಕೊಳ್ಳುತ್ತೇನೆ. ಈಜು ಬಲ್ಲವನೂ ಹತ್ತು ನಿಮಿಷ ಕಳೆದ ಮೇಲೆ ದೋಣಿಯ ಅಂಚು ಹಿಡಿದು ಮೇಲೆ ಬರಲಾರ. ಬೆರಳು ಮಡಚುವುದೇ ಇಲ್ಲ.

ಇದೆಲ್ಲ ಇಲ್ಲಿನ ದೋಣಿಗಾರರಿಗೆ ಗೊತ್ತಿಲ್ಲದ್ದಲ್ಲ. ಆದ್ದರಿಂದಲೇ ಅಪಾಯದ ಬೇರು ಅಜ್ಞಾನದಲ್ಲಿಲ್ಲ, ಸಮಯದ ಒತ್ತಡದಲ್ಲಿದೆ ಎನ್ನುತ್ತೇನೆ. ಮಿನಿಯಾಪೊಲಿಸ್‌ನಿಂದ ಸರೋವರದ ಬಳಿಯ ಬೌಡೆಟ್ ಊರಿಗೆ ಐದು ಗಂಟೆಯ ದಾರಿ. ಕೆಲಸಕ್ಕೆ ರಜೆ ಮೂರು ದಿನ. ಬಾಡಿಗೆ ಕೊಟ್ಟಾಗಿದೆ, ಎರೆಗೆಂದು ಹೆಪ್ಪುಗಟ್ಟಿಸಿದ ಷೈನರ್ ಮೀನಿನ ಪೊಟ್ಟಣ ಕೊಂಡಾಗಿದೆ. ಜೂನ್ ಕೊನೆಯಲ್ಲಿ ಹದಿನಾರು ಗಂಟೆ ಇದ್ದ ಹಗಲು ಅಕ್ಟೋಬರ್ ಮಧ್ಯಕ್ಕೆ ಹನ್ನೊಂದು ಗಂಟೆಯೂ ಪೂರ್ತಿ ಇಲ್ಲ; ಏಳೂವರೆ ದಾಟಿದ ಮೇಲೆ ಸೂರ್ಯ ಹುಟ್ಟಿ ಆರೂವರೆಗೆ ಮುಳುಗುತ್ತಾನೆ. ಮೂರರಲ್ಲಿ ಒಂದು ದಿನ ಗಾಳಿ ಎದ್ದರೆ ಪ್ರವಾಸದ ಮೂರನೇ ಒಂದು ಪಾಲು ಹೋಯಿತು ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಕಿಟಕಿಯಾಚೆ ಬಿಳಿ ನೊರೆ ಕಾಣುತ್ತಿದ್ದರೂ 'ಸ್ವಲ್ಪ ಇಳಿದಿರುವ ಹಾಗಿದೆ' ಎಂದು ಒಬ್ಬ ಅನ್ನುತ್ತಾನೆ, ಇನ್ನೊಬ್ಬ ಹೌದೆನ್ನುತ್ತಾನೆ. ಗಾಳಿ ಇಳಿದಿರುವುದಿಲ್ಲ, ತಾಳ್ಮೆ ಇಳಿದಿರುತ್ತದೆ. ಈ ಹೊತ್ತಿನಲ್ಲಿ ಹವಾಮಾನ ವರದಿಯೂ ಅಷ್ಟೇನೂ ನೆರವಾಗದು. ಈಗ ಫೋನಿನಲ್ಲೇ ಗಂಟೆಗಂಟೆಯ ಗಾಳಿಯ ವೇಗ ಸಿಗುತ್ತದಲ್ಲ, ಇನ್ನೇಕೆ ಈ ರಗಳೆ ಎಂದು ಕೇಳುವವರಿದ್ದಾರೆ. ವರದಿ ಗಾಳಿಯ ವೇಗ ಹೇಳುತ್ತದೆ. ಮೀನಿನ ಆಸೆಯನ್ನು ತಗ್ಗಿಸುವುದಿಲ್ಲ. ಆಸೆಯನ್ನು ತಗ್ಗಿಸಲು ಇನ್ನೊಂದು ಆಸೆಯೇ ಬೇಕು.

ಹಾಗಾದರೆ ಆ ಇನ್ನೊಂದು ಆಸೆ ಬಾತುಕೋಳಿ ಯಾಕಾಗಬಾರದು? ಈ ನಾಡಿನಲ್ಲಿ ಸರೋವರ ಎಂದರೆ ಬಾತು ಎಂಬಷ್ಟು ಹಳೆಯ ನಂಟು. ಒಜಿಬ್ವೆ ಜನ ಮನೂಮಿನ್ ಎಂದು ಕರೆಯುವ ಕಾಡು ಅಕ್ಕಿ ಬೆಳೆವ ನೀರುಗಳಿಗೆ ಶರತ್ಕಾಲದಲ್ಲಿ ಉಂಗುರ ಕೊರಳಿನ ಬಾತುಗಳು ಹಿಂಡು ಹಿಂಡಾಗಿ ಬಂದು ಇಳಿಯುವ ನೋಟ ಕಂಡವನು ಅದನ್ನು ತುಚ್ಛವಾಗಿ ಮಾತಾಡಲಾರ. ಆದರೆ ಬಾತು ಬೇಟೆಗೆ ಒಳ್ಳೆಯ ದಿನ ಯಾವುದು? ಮೋಡ ಕವಿದು, ಉತ್ತರದ ಗಾಳಿ ಬೀಸಿ, ಹಿಮದ ಹರಳು ಹಾರುವ ದಿನ. ತಿಳಿಯಾದ ಬಿಸಿಲಿನಲ್ಲಿ ಹಕ್ಕಿ ಕದಲುವುದಿಲ್ಲ. ಗಾಳಗಾರನನ್ನು ದಡದಲ್ಲಿ ಕೂರಿಸಬೇಕಾದ ಹವೆಯೇ ಬಾತು ಬೇಟೆಗಾರನನ್ನು ನೀರಿಗೆ ಕರೆಯುತ್ತದೆ. ಎರಡನ್ನೂ ಕೂಡಿಸಿದವನಿಗೆ ಶಾಂತ ದಿನ ನೀರಿಗೆ ಇಳಿಯಲು ಮೀನಿನ ಕಾರಣ, ಬಿರುಗಾಳಿಯ ದಿನ ಇಳಿಯಲು ಬಾತಿನ ಕಾರಣ. ಇಳಿಯದಿರಲು ಕಾರಣವೇ ಉಳಿಯುವುದಿಲ್ಲ. ಅದಕ್ಕೆ ಇತಿಹಾಸದ ಸಾಕ್ಷಿ 1940ರ ನವೆಂಬರ್ 11. ಆರ್ಮಿಸ್ಟಿಸ್ ದಿನದ ರಜೆ. ಬೆಳಿಗ್ಗೆ ನವೆಂಬರಿಗೆ ಸಲ್ಲದಷ್ಟು ಬೆಚ್ಚಗಿತ್ತು. ತೆಳು ಅಂಗಿ ತೊಟ್ಟು ಮಿಸಿಸಿಪ್ಪಿಯ ಹಿನ್ನೀರಿಗೆ ಹೋದ ಬೇಟೆಗಾರರ ತಲೆಯ ಮೇಲೆ ಬಿರುಗಾಳಿಯ ಮುಂದೆ ಓಡಿಬರುತ್ತಿದ್ದ ಬಾತುಗಳು ಎಂದೂ ಕಾಣದಷ್ಟು ದಟ್ಟವಾಗಿ ಇಳಿದವು. ಹಕ್ಕಿಗಳು ಹಾಗೆ ಸುರಿಯುತ್ತಿದ್ದುದೇ ಮನೆಗೆ ಹೋಗೆಂಬ ಎಚ್ಚರಿಕೆ. ಅದನ್ನೇ ಅವರು ಇರಲು ಕಾರಣವೆಂದು ಓದಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಮಳೆ ಹಿಮವಾಯಿತು, ದೋಣಿಗಳು ದ್ವೀಪಗಳಲ್ಲೇ ಸಿಕ್ಕಿಕೊಂಡವು. ಮಿನ್ನೆಸೋಟವೊಂದರಲ್ಲೇ 49 ಜನ ಸತ್ತರು, ಅವರಲ್ಲಿ ಅರ್ಧದಷ್ಟು ಬಾತು ಬೇಟೆಗಾರರು. ಅಂದು ಮುನ್ಸೂಚನೆ ಸರಿಯಾಗಿರಲಿಲ್ಲ, ನಿಜ. ಆದರೆ ನನ್ನನ್ನು ಕಾಡುವುದು ಮುನ್ಸೂಚನೆಯ ತಪ್ಪಲ್ಲ. ಕೆಟ್ಟ ಹವೆ ಮತ್ತು ಒಳ್ಳೆಯ ಬೇಟೆ ಒಂದೇ ಮೋಡದಲ್ಲಿ ಬಂದದ್ದು. ಇಂದಿಗೂ ಬಾತು ಬೇಟೆಯ ಸಾವುಗಳಲ್ಲಿ ಕೋವಿಗಿಂತ ನೀರಿನ ಪಾಲು ದೊಡ್ಡದೆಂದು ಇಲ್ಲಿನ ಸುರಕ್ಷತೆಯ ಪಾಠಗಳಲ್ಲಿ ಮತ್ತೆ ಮತ್ತೆ ಹೇಳುವುದು ಸುಮ್ಮನಲ್ಲ.

ಗ್ರೌಸ್ ಇದಕ್ಕೆ ಪೂರ್ತಿ ಬೇರೆ ಜಾತಿಯ ಹಕ್ಕಿ, ಬೇರೆ ಜಾತಿಯ ದಿನಚರಿ. ರಫ್ಡ್ ಗ್ರೌಸ್ ಎಂಬ ಇದು ನಮ್ಮ ಮಲೆನಾಡಿನ ಚಿಟ್ಟುಕೋಳಿಯನ್ನೋ ಬಯಲಿನ ಕೌಜುಗವನ್ನೋ ನೆನಪಿಸುವ ನೆಲದ ಹಕ್ಕಿ. ಒಣ ಎಲೆಯ ಬಣ್ಣ, ಕಾಲಡಿಯಿಂದಲೇ ಎದೆ ನಡುಗಿಸುವ ಸದ್ದಿನೊಂದಿಗೆ ಏಳುತ್ತದೆ, ಮರಗಳ ನಡುವೆ ಎರಡು ಸಲ ತಿರುಗಿ ಮಾಯವಾಗುತ್ತದೆ. ಇದರ ಬದುಕೆಲ್ಲ ಆಸ್ಪೆನ್ ಮರಕ್ಕೆ ಕಟ್ಟಿಕೊಂಡದ್ದು. ಮಿನ್ನೆಸೋಟ ವಿಶ್ವವಿದ್ಯಾಲಯದ ಕ್ಲೋಕೆ ಅರಣ್ಯ ಕೇಂದ್ರದಲ್ಲಿ ಗಾರ್ಡನ್ ಗಲ್ಲಿಯನ್ ದಶಕಗಳ ಕಾಲ ಈ ಹಕ್ಕಿಯ ಹಿಂದೆ ಬಿದ್ದು ತೋರಿಸಿಕೊಟ್ಟದ್ದು ಇದನ್ನೇ: ಒತ್ತಾಗಿ ಬೆಳೆದ ಎಳೆಯ ಆಸ್ಪೆನ್ ಮರೆ ಕೊಡುತ್ತದೆ, ಬಲಿತ ಗಂಡು ಆಸ್ಪೆನ್ನಿನ ಮೊಗ್ಗು ಚಳಿಗಾಲದ ಅನ್ನ ಕೊಡುತ್ತದೆ. ಬೇರೆ ಬೇರೆ ವಯಸ್ಸಿನ ಆಸ್ಪೆನ್ ಹತ್ತಿರ ಹತ್ತಿರ ಇದ್ದಲ್ಲಿ ಹಕ್ಕಿ ನೆಲೆಸುತ್ತದೆ. ಲೇಕ್ ಆಫ್ ದಿ ವುಡ್ಸ್‌ನ ದಕ್ಷಿಣಕ್ಕೆ ಬೆಲ್ಟ್ರಾಮಿ ಐಲ್ಯಾಂಡ್ ಸರಕಾರಿ ಅರಣ್ಯ ಏಳು ಲಕ್ಷ ಎಕರೆ ಹರಡಿಕೊಂಡಿದೆ. ಹೆಸರಿನಲ್ಲಿ ದ್ವೀಪವಿದ್ದರೂ ಸುತ್ತ ಇರುವುದು ಜೌಗು. ದೋಣಿ ಕಟ್ಟೆಯಿಂದ ಹೊರಟು ಗಂಟೆಯೊಳಗೆ ಕಾಡುಹಾದಿಯಲ್ಲಿ ಕಾಲಿಡಬಹುದು. ಗ್ರೌಸ್ ಋತು ಸೆಪ್ಟೆಂಬರ್ ಮಧ್ಯದಿಂದ ಹೊಸ ವರ್ಷದವರೆಗೆ ಉಂಟು. ಹಾಗಿದ್ದರೂ ಆಸ್ಪೆನ್ ಎಲೆ ಉದುರಿ ಕಾಡು ಪಾರದರ್ಶಕವಾಗುವ ಅಕ್ಟೋಬರಿನ ಎರಡು ಮೂರನೇ ವಾರಗಳಿಗೆ ಸಾಟಿಯಿಲ್ಲ, ಮತ್ತು ಅದೇ ವಾರಗಳಲ್ಲಿ ಎಮರಾಲ್ಡ್ ಷೈನರ್ ಎಂಬ ಕಿರುಮೀನಿನ ಹಿಂಡುಗಳು ಸರೋವರಕ್ಕೆ ಬಂದು ಸೇರುವ ರೈನಿ ನದಿಯ ಬಾಯಿಗೆ ನುಗ್ಗುತ್ತವೆ, ಅವುಗಳ ಬೆನ್ನು ಹತ್ತಿ ವಾಲ್‌ಐ ಮೀನು ಬರುತ್ತದೆ. ಎರಡೂ ಒಂದೇ ವಾರದಲ್ಲಿ ಹದಕ್ಕೆ ಬರುವುದು ನಮ್ಮ ಪುಣ್ಯ.

ಹೊತ್ತಿನ ಲೆಕ್ಕದಲ್ಲೂ ಈ ಜೋಡಿ ಹೊಂದುತ್ತದೆ, ಆದರೆ ಹೇಳುವಷ್ಟು ಸಲೀಸಾಗಿ ಅಲ್ಲ. ವಾಲ್‌ಐ ಕಣ್ಣಿನ ಹಿಂದೆ ಬೆಕ್ಕಿನ ಕಣ್ಣಿನಲ್ಲಿರುವಂತೆ ಬೆಳಕನ್ನು ಮರಳಿಸುವ ಪದರವಿದೆ, ಆದ್ದರಿಂದ ಮಬ್ಬು ಬೆಳಕಿನಲ್ಲಿ ಅದು ಚುರುಕು. ತಿಳಿನೀರಿನ ಸರೋವರಗಳಲ್ಲಿ ಮುಂಜಾವು, ಮುಸ್ಸಂಜೆ ಬಿಟ್ಟರೆ ಅದು ಗಾಳಕ್ಕೆ ಬೀಳುವುದು ಕಷ್ಟ. ಮುಂಜಾವು ಬಾತಿನ ಹೊತ್ತೂ ಹೌದಾದ್ದರಿಂದ ಅಲ್ಲಿ ಎರಡರಲ್ಲಿ ಒಂದನ್ನು ಬಿಡಲೇಬೇಕು. ಗ್ರೌಸ್ ಹಾಗಲ್ಲ, ಇಬ್ಬನಿ ಆರಿದ ಮೇಲೆ ಹತ್ತು ಗಂಟೆಯಿಂದ ನಡೆಯಲು ಶುರುಮಾಡಿದರೂ ತಡವಾಯಿತೆಂದಿಲ್ಲ. ಸಂಜೆಯ ಎರಡು ಗಂಟೆ ಮಾತ್ರ ಜಗಳದ್ದು. ಗ್ರೌಸ್ ರಾತ್ರಿಗೆ ಮುಂಚೆ ಹೊಟ್ಟೆ ತುಂಬಿಕೊಳ್ಳಲು ಹಾದಿಬದಿಯ ಕ್ಲೋವರ್ ಹುಲ್ಲಿಗೆ ಬರುವ ಹೊತ್ತೂ ಅದೇ, ವಾಲ್‌ಐ ಕಚ್ಚುವ ಹೊತ್ತೂ ಅದೇ. ಇಲ್ಲಿ ಲೇಕ್ ಆಫ್ ದಿ ವುಡ್ಸ್ ಒಂದು ಉಪಕಾರ ಮಾಡುತ್ತದೆ. ಜೌಗಿನ ಸಾರ ಬೆರೆತು ಅದರ ನೀರು ಚಹದ ಡಿಕಾಕ್ಷನ್ ಬಣ್ಣಕ್ಕಿದೆ, ನಡುಹಗಲಲ್ಲೂ ತಳದಲ್ಲಿ ಮಬ್ಬು. ಲಂಗರು ಹಾಕಿ ಜಿಗ್ ಗಾಳಕ್ಕೆ ಷೈನರ್ ಸಿಕ್ಕಿಸಿ ಕೂತರೆ ಹನ್ನೆರಡು ಗಂಟೆಗೂ ಮೀನು ಬಿದ್ದೀತು. ಆದ್ದರಿಂದ ದಿನವನ್ನು ಗಡಿಯಾರ ನೋಡಿ ಎರಡಾಗಿ ಸೀಳುವುದನ್ನು ಬಿಟ್ಟು, ಗಾಳಿ ನೋಡಿ ಇಡೀ ದಿನವನ್ನೇ ಒಂದಕ್ಕೆ ಕೊಡುವುದು ವಾಸಿ. ಶಾಂತ ದಿನ ಪೂರ್ತಿ ನೀರಿಗೆ, ಗಾಳಿ ದಿನ ಪೂರ್ತಿ ಕಾಡಿಗೆ. ಬೆಳಿಗ್ಗೆ ದೋಣಿ, ಊಟಕ್ಕೆ ದಡ, ಮಧ್ಯಾಹ್ನ ಕಾಡು, ಮತ್ತೆ ಸಂಜೆಗೆ ದೋಣಿ ಎಂದು ಓಡಾಡುವವನು ಹನ್ನೊಂದು ಗಂಟೆಯ ಹಗಲಿನಲ್ಲಿ ಮೂರನ್ನು ಬಟ್ಟೆ ಬದಲಿಸುವುದರಲ್ಲೂ ಟ್ರೇಲರ್ ಎಳೆಯುವುದರಲ್ಲೂ ಕಳೆಯುತ್ತಾನೆ. ಇದೇ ಮಾತು ಪೂರ್ವಕ್ಕಿರುವ ಆಳದ ಬಂಡೆ ಸರೋವರಗಳಿಗೂ ಸಲ್ಲುತ್ತದೆ. ಅಲ್ಲಿ ಕಾರಣ ಗಾಳಿಯೊಂದೇ ಅಲ್ಲ. ಮೇಲಿನ ನೀರು ತಣಿಯುತ್ತ ತಣಿಯುತ್ತ ಕೆಳಗಿನ ತಣ್ಣೀರಿನಷ್ಟೇ ಭಾರವಾದಾಗ ಬೇಸಿಗೆಯುದ್ದಕ್ಕೂ ಬೇರೆ ಬೇರೆ ಇದ್ದ ಪದರಗಳು ಒಡೆದು ಇಡೀ ಸರೋವರ ಮಗುಚಿಕೊಳ್ಳುತ್ತದೆ. ಆ ಕೆಲವು ದಿನ ಮೀನು ಎಲ್ಲಿರುತ್ತದೋ ದೇವರಿಗೇ ಗೊತ್ತು. ಕಾಡಿಗೆ ಹೋಗಲು ಅದಕ್ಕಿಂತ ಒಳ್ಳೆಯ ದಿನಗಳಿಲ್ಲ.

ನನ್ನ ವಾದಕ್ಕೆ ಬರುವ ಗಟ್ಟಿ ಆಕ್ಷೇಪ ಒಂದಿದೆ, ಅದನ್ನು ಎತ್ತುವವರು ಗ್ರೌಸ್ ಬಲ್ಲವರೇ. ಗಾಳಿ ಬೀಸುವ ದಿನ ಗ್ರೌಸ್ ಬೇಟೆಯೂ ಕೆಡುತ್ತದೆ ಎನ್ನುತ್ತಾರೆ ಅವರು. ಎಲೆ ಕೊಂಬೆಗಳ ಸದ್ದಿನಲ್ಲಿ ಹಕ್ಕಿಗೆ ಕಿವಿ ಕೇಳದೆ ದಿಗಿಲಾಗಿ ದೂರದಿಂದಲೇ ಏಳುತ್ತದೆ. ಅದು ಎದ್ದ ಸದ್ದು ನಮಗೂ ಕೇಳುವುದಿಲ್ಲ. ಒಪ್ಪಿದೆ. ಗಾಳಿ ದಿನದ ಗ್ರೌಸ್ ಬೇಟೆ ಎರಡನೇ ದರ್ಜೆಯದು, ಮರೆಯಿರುವ ತಗ್ಗು ನೆಲ, ದಟ್ಟ ಸ್ಪ್ರೂಸ್ ಅಂಚು ಹುಡುಕಿ ನಡೆಯಬೇಕು. ಆದರೆ ನಾನು ತೂಗುತ್ತಿರುವುದು ಒಳ್ಳೆಯ ಗ್ರೌಸ್ ದಿನಕ್ಕೂ ಕೆಟ್ಟ ಗ್ರೌಸ್ ದಿನಕ್ಕೂ ಅಲ್ಲ. ಕೆಟ್ಟ ಗ್ರೌಸ್ ದಿನಕ್ಕೂ ನೊರೆಗಟ್ಟಿದ ಬಯಲು ನೀರಿಗೂ. ಕಾಡಿನಲ್ಲಿ ಕೆಟ್ಟ ದಿನ ಎಂದರೆ ಬರಿಗೈ. ನೀರಿನಲ್ಲಿ ಕೆಟ್ಟ ದಿನ ಎಂದರೆ ಆ ಹತ್ತು ನಿಮಿಷ. ಮತ್ತೆ ಕೆಲವರು, ಗಾಳಿ ಎದ್ದರೆ ರೈನಿ ನದಿಯೊಳಗೆ ಹೋಗಿ ಗಾಳ ಹಾಕಬಹುದಲ್ಲ, ಕೋವಿಯೇ ಏಕೆ ಎನ್ನುತ್ತಾರೆ. ಹಾಕಬಹುದು, ಷೈನರ್ ಹಿಂಡು ನದಿಗೆ ನುಗ್ಗಿದ ವಾರವಾದರೆ ಹಾಕಲೇಬೇಕು. ಆದರೆ ಆ ಹಿಂಡು ಕ್ಯಾಲೆಂಡರ್ ನೋಡಿ ಬರುವುದಿಲ್ಲ. ಬಾರದ ವರ್ಷ ನದಿಯಲ್ಲಿ ಕೂತವನು ಮಧ್ಯಾಹ್ನದ ಹೊತ್ತಿಗೆ ನದೀಮುಖ ದಾಟಿ ಸ್ವಲ್ಪ ಹೊರಗೆ, ಇನ್ನೂ ಸ್ವಲ್ಪ ಹೊರಗೆ ಎಂದು ಜಾರತೊಡಗುತ್ತಾನೆ. ದೋಣಿಯಲ್ಲೇ ಕೂತವನಿಗೆ ಬಯಲು ನೀರು ಯಾವಾಗಲೂ ಐದು ನಿಮಿಷದ ದೂರ.

ಕೋವಿ ಮತ್ತು ದೋಣಿಯನ್ನು ಬೇರೆಯಿಡುವುದಕ್ಕೆ ಸಣ್ಣಪುಟ್ಟ ಕಾರಣಗಳೂ ಇವೆ, ಬೇಗ ಹೇಳಿ ಮುಗಿಸುತ್ತೇನೆ. ಈ ಸರೋವರದ ನೀರಿನ ಮೇಲೇ ಎರಡು ದೇಶಗಳ ಗಡಿ ಹಾದಿದೆ. ಗಾಳ ಹಿಡಿದು ದಾಟುವುದಕ್ಕೂ ಕೋವಿ ಹಿಡಿದು ದಾಟುವುದಕ್ಕೂ ಕೆನಡಾದ ಕಣ್ಣಲ್ಲಿ ಅಜಗಜಾಂತರ, ಕೋವಿಗೆ ಘೋಷಣೆಯೂ ಶುಲ್ಕವೂ ಉಂಟು. ಪೂರ್ವದ ವಾಯೇಜರ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಗಾಳಕ್ಕೆ ಅನುಮತಿಯಿದೆ, ಬೇಟೆಗೆ ಇಲ್ಲ. ಅದರಾಚೆಯ ಬೌಂಡರಿ ವಾಟರ್ಸ್ ಕಾಡಿನಲ್ಲಿ ಎರಡಕ್ಕೂ ಉಂಟು. ಒಂದೇ ನಕ್ಷೆಯಲ್ಲಿ ಬೆರಳಗಲ ಸರಿದರೆ ಕಾನೂನು ಬದಲು. ಸೀಸದ ವಿಷಯವೂ ಹೀಗೆಯೇ. ಬಾತು ಬೇಟೆಗೆ ಅಮೆರಿಕದಲ್ಲಿ 1991ರಿಂದ ಸೀಸದ ಈಡು ಕೂಡದು, ಜೇಬಿನಲ್ಲೂ ಇರಕೂಡದು; ಗ್ರೌಸ್‌ಗೆ ಬಹುತೇಕ ಕಡೆ ಇನ್ನೂ ನಡೆಯುತ್ತದೆ. ನಾನು ಎರಡಕ್ಕೂ ಉಕ್ಕಿನ ಅಥವಾ ಬಿಸ್ಮತ್ ಈಡಿನ ತೋಟಾಗಳನ್ನೇ ಹೇಳುತ್ತೇನೆ, ಜೊತೆಗೆ ಗಾಳದ ಸೀಸದ ಗುಂಡನ್ನೂ ಬಿಡಿ ಎನ್ನುತ್ತೇನೆ. ಈ ನೀರಿನ ಲೂನ್ ಹಕ್ಕಿ, ಮಿನ್ನೆಸೋಟದ ರಾಜ್ಯಪಕ್ಷಿ, ಹೊಟ್ಟೆಯಲ್ಲಿ ಆಹಾರ ಅರೆಯಲು ಕಲ್ಲು ನುಂಗುವಾಗ ಆ ಗುಂಡನ್ನೂ ನುಂಗಿ ಸಾಯುತ್ತದೆ. ಹಕ್ಕಿಗೆ ಈಡು ಹೊಡೆಯದ ಗಾಳಗಾರನೂ ಹಕ್ಕಿ ಕೊಲ್ಲಬಲ್ಲ.

ಕನ್ನಡದಲ್ಲಿ ಓದುವವರ ಆಕ್ಷೇಪ ಇದಕ್ಕಿಂತ ಆಳದ್ದು ಎಂದು ನನಗೆ ಗೊತ್ತು. ಹಕ್ಕಿಯನ್ನು ಹೊಡೆಯುವುದೇ ಏಕೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಅರ್ಧ ಶತಮಾನ ಕಳೆದ ನಾಡಿನಲ್ಲಿ ಈಡು, ತೋಟಾ, ಷಿಕಾರಿ ಎಂಬ ಮಾತುಗಳು ಮಲೆನಾಡಿನ ಹಳೆಯ ನೆನಪುಗಳಲ್ಲಿ ಮಾತ್ರ ಉಳಿದಿವೆ. ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಜನ ಬೈನಾಕ್ಯುಲರ್ ಹಿಡಿದು ಹೋಗುತ್ತಾರೆ. ಮಿನ್ನೆಸೋಟದವರ ಸಿದ್ಧ ಉತ್ತರ ಹಣದ್ದು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಬೇಟೆ ಕೋವಿ ಮತ್ತು ತೋಟಾಗಳ ಮೇಲಿನ ಶೇ. 11ರ ತೆರಿಗೆ ವನ್ಯಜೀವಿಗಳಿಗೇ ಹೋಗುತ್ತದೆ, 1934ರಿಂದ ಬಾತು ಬೇಟೆಗಾರ ಕೊಳ್ಳುವ ಡಕ್ ಸ್ಟಾಂಪಿನ ದುಡ್ಡು ಜೌಗು ನೆಲಗಳನ್ನು ಉಳಿಸುತ್ತದೆ. ಎರಡೂ ನಿಜ. ಆದರೆ ತೆರಿಗೆ ಕಟ್ಟಿದ್ದೇನೆಂದು ಕೊಲ್ಲುವುದು ಸರಿಯಾಗುತ್ತದೆಂಬ ತರ್ಕ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನನಗೆ ಹೆಚ್ಚು ಸರಿಯೆನಿಸುವುದು ಬೇರೆ. ಗ್ರೌಸ್ ಅಲ್ಪಾಯುಷಿ, ಈ ಬೇಸಿಗೆಯಲ್ಲಿ ಮೊಟ್ಟೆಯೊಡೆದ ಮರಿಗಳಲ್ಲಿ ಹೆಚ್ಚಿನವು ಗಿಡುಗ, ಗೂಬೆ, ಚಳಿಗಳಿಗೆ ಸಿಕ್ಕಿ ಮುಂದಿನ ವಸಂತ ನೋಡುವುದಿಲ್ಲ. ಸುಮಾರು ಹತ್ತು ವರ್ಷಕ್ಕೊಮ್ಮೆ ಏರಿ ಇಳಿಯುವ ಅದರ ಸಂಖ್ಯೆಯನ್ನು ಕಾಡಿನ ವಯಸ್ಸು ಆಳುವಷ್ಟು ಬೇಟೆಗಾರ ಆಳುವುದಿಲ್ಲ. ಇಳಿಮುಖದ ವರ್ಷಗಳಲ್ಲಿ ಕಾನೂನು ದಿನಕ್ಕೆ ಐದು ಎಂದರೂ ಒಂದೆರಡಕ್ಕೆ ಕೋವಿ ಮಡಚುವುದು ನ್ಯಾಯ. ಇಷ್ಟಾದರೂ ಒಪ್ಪದವನಿಗೆ ನನ್ನ ವಾದ ಕೋವಿಯನ್ನೇ ಹಿಡಿಯೆಂದು ಒತ್ತಾಯಿಸುವುದಿಲ್ಲ. ಕೋವಿ ಬಿಟ್ಟು ಕ್ಯಾಮೆರಾ ಹಿಡಿದ ತೇಜಸ್ವಿಯವರ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಕಾಗಿರುವುದು ದಡದ ಮೇಲೆ ಬೇರೂರಿದ, ಮೀನಿನಷ್ಟೇ ಜೋರಾಗಿ ಎಳೆಯುವ ಇನ್ನೊಂದು ಆಸೆ. ಬೂದು ಗೂಬೆಯನ್ನು ಹುಡುಕುವ ಬೈನಾಕ್ಯುಲರ್ ಆ ಕೆಲಸ ಮಾಡುವುದಾದರೆ ಧಾರಾಳವಾಗಿ ಮಾಡಲಿ. ವಸತಿಯಲ್ಲಿ ಕೂತು ಓದುವೆನೆಂದು ತಂದ ಪುಸ್ತಕ ಮಾತ್ರ ಆ ಕೆಲಸ ಮಾಡುವುದಿಲ್ಲ. ಎರಡನೇ ಅಧ್ಯಾಯಕ್ಕೆ ಕಣ್ಣು ಕಿಟಕಿಗೆ ಹೋಗುತ್ತದೆ.

ಉಳಿದಿರುವುದು ಮೂರು ಗಂಟೆಯ ಪ್ರಶ್ನೆ. ಬೆಳಿಗ್ಗೆ ಗಾಳಿಗೆ ಹೆದರಿ ಕಾಡಿಗೆ ಹೋದವರ ಕಿವಿಗೆ ಮಧ್ಯಾಹ್ನ ಮೂರರ ಹೊತ್ತಿಗೆ ಒಮ್ಮೆಲೇ ಮೌನ ಬೀಳುತ್ತದೆ. ಆಸ್ಪೆನ್ ತುದಿಗಳು ಅಲ್ಲಾಡುವುದು ನಿಲ್ಲುತ್ತದೆ. ಈಗ ಹೊರಟರೆ ನಾಲ್ಕಕ್ಕೆ ದೋಣಿ, ಮುಳುಗುವ ಹೊತ್ತಿನ ಎರಡು ಗಂಟೆ ಮೀನು ಎಂದು ಯಾರಾದರೂ ಅಂದೇ ಅನ್ನುತ್ತಾರೆ. ಗಾಳಿ ನಿಂತರೂ ಬಿಗ್ ಟ್ರಾವರ್ಸ್‌ನ ಅಲೆ ಅದರ ಜೊತೆಗೇ ನಿಲ್ಲುವುದಿಲ್ಲ, ಇಡೀ ದಿನ ಕುಡಿದ ಗಾಳಿಯನ್ನು ಗಂಟೆಗಟ್ಟಲೆ ಉಗುಳುತ್ತಲೇ ಇರುತ್ತದೆ. ಆರೂವರೆಗೆ ಸೂರ್ಯ ಮುಳುಗಿದ ಮೇಲೆ ಆ ಅಲೆಯಲ್ಲಿ ದೋಣಿ ಕಟ್ಟೆಯ ದೀಪ ಹುಡುಕಿ ಬರಬೇಕು. ಮೂರು ಗಂಟೆ ಎಂದರೆ ಗ್ರೌಸ್ ಕ್ಲೋವರಿಗೆ ಇಳಿಯಲು ಇನ್ನೇನು ತಯಾರಾಗುವ ಹೊತ್ತೂ ಹೌದು. ಗಾಳಿ ನಿಂತ ಕಾಡಿನಲ್ಲಿ ಈಗ ಅದರ ಹೆಜ್ಜೆ ಸದ್ದೂ ಕೇಳುತ್ತದೆ.